ಚಂದ್ರನ ಮೆಂತ್ಯ, ಭೂಮಿಯ ಮೆಂತ್ಯ

ಸದಲಗಾ ಊರಿನ ನಮ್ಮ ಹಿತ್ತಲಲ್ಲೇ ಚಂದ್ರಲೋಕದ ಬೇಸಾಯ ಮಾಡಿ ತೋರಿಸುತ್ತೇನೆಂದು ನಾನು ಭೀಷಣ ಶಪಥ ಮಾಡಿದೆ! ಹತ್ತನೇ ಇಯತ್ತೆಯನ್ನು ಅರ್ಧಕ್ಕೇ ಬಿಟ್ಟವನ ಶಪಥ ಕೇಳಿ ಯಾರಾದರೂ ನಕ್ಕಾರೆಂದು ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕಾರಣ ಒಂದು ಕಥೆ. ನಾಲ್ವರು ಚಂದ್ರನ ಮೇಲೆ ಸಿಕ್ಕಿಕೊಂಡು, ತಮ್ಮದೇ ಮಲಮೂತ್ರದ ಗೊಬ್ಬರದಲ್ಲಿ ಮೆಂತ್ಯ ಬೆಳೆದು ಬದುಕುತ್ತಾರೆ. ಎಂಟು ಸಲ ತಿದ್ದಿ ಬರೆದು, ವಾಚನಾಲಯದ ವಾರ್ಷಿಕ ಸಂಚಿಕೆಗೆ ಕೊಟ್ಟಿದ್ದೆ. ಸಂಪಾದಕರು ನನಗೆ ವಿಜ್ಞಾನ ಕಲಿಸಿದ ಮಹಾವೀರ ಮಾಸ್ತರು. ಮೂಗು ಮುಚ್ಚಿಕೊಂಡೇ ಓದಿದರು.

"ಭರತ, ಇದು ವಿಜ್ಞಾನ ಅಲ್ಲಪಾ, ಬರೇ ಹೊಲಸ. ಹಿಂಗ ಬೆಳಿ ಬರತೈತಿ ಅನ್ನಾಕ ಪುರಾವಾ ಏನೈತಿ?"

"ಮಾಡಿ ತೋರಸ್ತೀನ್ರಿ." ಹುಟ್ಟಿದಾಗಿನಿಂದ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ತಿಂಗಳದಾಗ ತೋರಸು. ಇಲ್ಲಾಂದ್ರ ಕಥಿ ಛಾಪಸೂದಿಲ್ಲ."

ಪುಸ್ತಕ ಹುಡುಕಿದೆ. ಮಲ ವರ್ಷಗಟ್ಟಲೆ ಕೊಳೆಯಬೇಕು, ಇಲ್ಲದಿದ್ದರೆ ರೋಗ. ಆದ್ದರಿಂದ ಮೂತ್ರವೇ ಗತಿ! ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಬೇಕೆಂದಿತ್ತು. ಬೇರು ಸುಟ್ಟೀತೆಂದು ಹೆದರಿ ನಾನು ನೂರು ಪಾಲು ಬೆರೆಸಿದೆ.

ಎಣ್ಣೆಯ ಎರಡು ಹಳೇ ಡಬ್ಬಿ. ಎರಡರಲ್ಲೂ ತೂಗಿ ತುಂಬಿದ ಮಣ್ಣು, ಎಣಿಸಿ ಬಿತ್ತಿದ ನೂರು ಕಾಳು. ಒಂದರ ಮೇಲೆ 'ಚಂದ್ರ' ಎಂದು ಬರೆದೆ. ಅದಕ್ಕೆ ನನ್ನ ಬಾಟಲಿಯ ಅಮೃತ. ಇನ್ನೊಂದರ ಮೇಲೆ 'ಭೂಮಿ'. ಅದಕ್ಕೆ ಬರೀ ಬಾವಿ ನೀರು.

ಅವ್ವ ಬಾಟಲಿ ನೋಡಿಬಿಟ್ಟಳು. "ಏನೋ ಅದು?"

"ಔಷಧ, ಅವ್ವಾ."

"ಯಾರಿಗಿ?"

"ಚಂದ್ರಗ."

"ಖೋಡಿ! ಮೊದಲ ನಿನ್ನ ತಲಿಗಿ ಹಚ್ಚಕೋ ಅದನ್ನ!"

ಮನೆಯಲ್ಲಿ ನನ್ನ ಧರೆಪ್ಪಜ್ಜ ಮಾತ್ರ ಏನೂ ಕೇಳಲಿಲ್ಲ. ಮೊಣಕಾಲು ನೋವಿನ ಅಜ್ಜ ನಸುಕಿನಲ್ಲಿ ತಂಬಿಗೆ ಹಿಡಿದು ಕುಂಟುತ್ತ ಹಿತ್ತಲಿಗೆ ಬರುವನು, ಹೋಗುವನು.

ಇಪ್ಪತ್ತು ದಿನಕ್ಕೆ ಅನಾಹುತ! ಭೂಮಿ ಗೇಣುದ್ದ ಬೆಳೆದು ಡಬ್ಬಿಯಾಚೆ ಚೆಲ್ಲಿತು. ಚಂದ್ರ ಅಮಾವಾಸ್ಯೆಯ ಕಡೆಗೆ ನಡೆದ! ಚಂದ್ರನ ಸೊಪ್ಪು ತಿಂದು ನೋಡುವ ಧೈರ್ಯವಂತೂ ನನಗಿರಲಿಲ್ಲ. ವಿಜ್ಞಾನ ಬೇರೆ, ಹೊಟ್ಟೆ ಬೇರೆ. ದುಃಖ ಮರೆಯಲು 'ಶುದ್ಧ' ಭೂಮಿಯ ಸೊಪ್ಪನ್ನೇ ಮೂರು ನೀರಿನಲ್ಲಿ ತೊಳೆದು, ರೊಟ್ಟಿ, ಶೇಂಗಾ ಚಟ್ನಿಯ ಜೊತೆ ನಾಲ್ಕು ದಿನ ಹಸಿಯಾಗಿಯೇ ಮೆದ್ದೆ. ಏನು ರುಚಿ!

ಮಾಸ್ತರು ಪರೀಕ್ಷೆಗೆ ಬಂದರು. "ಬರೇ ನೀರ ಕುಡದದ್ದು ಪೈಲವಾನ ಆಗೇತಿ. ನಿನ್ನ ಔಷಧ ಕುಡದದ್ದು ದವಾಖಾನಿ ಸೇರೂಹಂಗ ಆಗೇತಿ. ಭರತ, ನಿನ್ನ ಚಂದ್ರನ ಮ್ಯಾಲಿನ ಮಂದಿ ಉಪಾಸ ಸತ್ರು."

ಕಥೆಯ ಹಾಳೆಗಳನ್ನು ನನ್ನ ಕೈಗೇ ಕೊಟ್ಟರು. ಆಗ ಕಟ್ಟೆಯ ಮೇಲಿದ್ದ ಅಜ್ಜ ಕೆಮ್ಮಿದ.

"ಮಾಸ್ತರ, ಅದು ಬರೇ ನೀರ ಕುಡದಿಲ್ರಿ."

"ಮತ್ತ?"

"ಪಾಯಖಾನಿ ಆ ತುದಿಗೈತ್ರಿ, ಮೊಣಕಾಲ ಕೇಳೂದಿಲ್ಲ. ದಿನಾ ನಸುಕಿನ್ಯಾಗ ಆ ಡಬ್ಬ್ಯಾಗ... ಮ್ಯಾಲೊಂದ ತಂಬಿಗಿ ನೀರೂ ಸುರೀತಿದ್ನಿರಿ. ಸ್ವಚ್ಛ ಇರಬೇಕಲ್ರಿ?"

"ಆ ಡಬ್ಬೀನ ಯಾಕ ಅಜ್ಜಾ?" ಎಂದು ನಾನು ಚೀರಿದೆ.

"ಅದರ ಮ್ಯಾಲ ಭೂಮಿ ಅಂತ ಬರದಿದ್ಯಲ್ಲೋ! ಭೂಮಿ ಮ್ಯಾಲ ಹೊಯ್ಯೂದು ಹುಟ್ಟಿದಾಗಿಂದ ರೂಢಿ ಐತಿ. ಚಂದ್ರನ ಮ್ಯಾಲ ಹೆಂಗ ಹೊಯ್ಲಿ?"

ಮಾಸ್ತರು ತಂಬಿಗೆ ತರಿಸಿ ನೋಡಿ, ನಾನು ಹಾಕಿದ ಬಾವಿ ನೀರನ್ನೂ ಕೂಡಿಸಿ, ಬೆರಳು ಮಡಚಿ ಲೆಕ್ಕ ಹಾಕಿದರು. ಹೆಚ್ಚು ಕಡಿಮೆ ಒಂದಕ್ಕೆ ಹತ್ತು! "ಬರೋಬ್ಬರಿ ಪ್ರಮಾಣ! ತಾ ಇಲ್ಲೆ ಆ ಕಥಿ!" ಎಂದು ಹಾಳೆಗಳನ್ನು ಕಿತ್ತುಕೊಂಡರು.

ಗೆದ್ದೆ! ಚಂದ್ರನ ಮೇಲಿನ ನಾಲ್ವರೂ ಬದುಕಿದರು! ನಾನು ಇನ್ನೇನು ಕುಣಿಯಬೇಕು, ಅಷ್ಟರಲ್ಲಿ ಅವ್ವ ಬಾಗಿಲಿಂದ ಕೇಳಿದಳು: "ಭರತ, ನಾಕ ದಿನಾ ರೊಟ್ಟಿ ಜೋಡಿ ಯಾವ ಡಬ್ಬಿದು ತಿಂದೀ ನೀ?"

ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು.

ಸಂಚಿಕೆ ಹೋದ ವಾರ ಬಂತು. ಮಾಸ್ತರು ನನ್ನ ಕಥೆಯಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ. ಅಷ್ಟೇ ಅಲ್ಲ, ನನ್ನ ಹೆಸರು ಎರಡು ಸಲ ಅಚ್ಚಾಗಿದೆ! ಕೊನೆಯಲ್ಲಿ ಅವರೇ ಸೇರಿಸಿದ ಸಾಲು ಹೀಗಿದೆ:

"ಕಥೆ: ಭರತ. ಪ್ರಯೋಗ: ಧರೆಪ್ಪ. ರುಚಿ ನೋಡಿದವರು: ಭರತ."