ನಾಲ್ಕನೆಯ ತೂತು

ಬೆರಳುದ್ದದ ಒಂದು ಸೆನ್ಸರಿನ ಮೇಲೆ ಬೂನ್‌ಲರ್ಟನ ಮಾನ ನಿಂತಿತ್ತು. ಟರ್ಬೊ ಹಾಕಿದ ಅವನ ಡೀಸೆಲ್ ಪಿಕಪ್ಪಿನ ಇಂಜಿನ್ನು ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿಯಿದೆ ಎಂದು ಅಳೆದು ಗಾಡಿಯ ಕಂಪ್ಯೂಟರಿಗೆ ಹೇಳುವುದಷ್ಟೇ ಅದರ ಕೆಲಸ. ಗಾಳಿ ಬಿಸಿ ಎಂದರೆ ಕಂಪ್ಯೂಟರು ಹೆದರಿ ಡೀಸೆಲ್ ಕಡಿಮೆ ಬಿಡುತ್ತದೆ, ಗಾಡಿ ಸೋಲುತ್ತದೆ. ಸಂಜೆ ನಾಲ್ಕಕ್ಕೆ ರಾಚಬುರಿಯ ಹೊರಗಿನ ಟ್ರ್ಯಾಕಿನಲ್ಲಿ ಓಟವಿತ್ತು. ಮೂರು ವರ್ಷ ಸತತ ಸೋತ ಅಳಿಯನಿಗೆ ಮಾವ ಸಂಗುವಾನ್ ಊಟದ ನಡುವೆಯೇ ಹೇಳಿಬಿಟ್ಟಿದ್ದ: "ಈ ಸಲವೂ ಸೋತ್ರೆ ಗ್ಯಾರೇಜಿಗೆ ಬೀಗ ಜಡಿ. ಬಂದು ನನ್ನ ಬಾತುಕೋಳಿ ಮೇಯ್ಸು."

ಬೆಳಿಗ್ಗೆ ಎಂಟಕ್ಕೆ ಬೂನ್‌ಲರ್ಟ್ ಏರ್ ಫಿಲ್ಟರಿನ ಪಕ್ಕದ ಪೈಪಿಗೆ ತೂತು ಕೊರೆದು ಸೆನ್ಸರ್ ಕೂರಿಸಿದ. ಮೀಟರು ಮೂವತ್ತನಾಲ್ಕು ಡಿಗ್ರಿ ತೋರಿಸಿತು. ಅವನಿಗೆ ಶಿಳ್ಳೆ ಹೊಡೆಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಪಕ್ಕದ ಗ್ಯಾರೇಜಿನ ವಿಚಿಯೆನ್ ಬಂದ. ಮೂರು ವರ್ಷವೂ ಗೆದ್ದವನು ಇವನೇ.

"ಥೂ, ಅಲ್ಯಾಕೋ ಇಟ್ಟೆ? ಅಲ್ಲಿ ಗಾಳಿ ಇನ್ನೂ ಟರ್ಬೊಗೇ ಹೋಗಿಲ್ಲ. ಟರ್ಬೊ ಅದನ್ನ ಹಿಂಡಿದ ಮೇಲೆ ತಾನೆ ಕಾಯೋದು? ಬಾಗಿಲಲ್ಲಿ ನಿಂತೋನ ಹಣೆ ಮುಟ್ಟಿ, ಒಳಗೆ ಮಲಗಿರೋನಿಗೆ ಜ್ವರ ಇಲ್ಲ ಅಂತೀಯಾ?"

ಮಾತು ನಿಜವಾಗಿತ್ತು. ನಿಜವಾದ್ದರಿಂದಲೇ ಬೂನ್‌ಲರ್ಟನಿಗೆ ಸಿಟ್ಟು ಬಂತು. ಆ ತೂತಿಗೆ ಬಿರಡೆ ಜಡಿದು, ಟರ್ಬೊದ ಬಾಯಿಗೇ ಅಂಟಿದ ಪೈಪಿನಲ್ಲಿ ಎರಡನೆಯ ತೂತು ಕೊರೆದ. ರಸ್ತೆಗೆ ಇಳಿಸಿ ಒತ್ತಿದರೆ ಮೀಟರು ನೂರನಲವತ್ತಕ್ಕೆ ಹಾರಿತು. ಕಂಪ್ಯೂಟರು ಗಾಬರಿಯಾಗಿ ಡೀಸೆಲ್ಲಿನ ಕತ್ತು ಹಿಸುಕಿತು. ಸೈಕಲ್ಲಿನ ಮುದುಕಿಯೊಬ್ಬಳು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕಳು.

ಗ್ಯಾರೇಜಿನ ಮುಂದೆ ಟೀ ಗಾಡಿ ಇಟ್ಟಿದ್ದ ಲಮ್‌ದುವಾನ್ ಅಕ್ಕನಿಗೆ ಇಂಜಿನ್ನಿನ ಗಂಧವೂ ಇರಲಿಲ್ಲ. ಇಲ್ಲದವರೇ ಮೊದಲು ಬಾಯಿ ಬಿಡುವುದು.

"ಊಟ ಬಿಸಿ ಇದ್ಯಾ ಅಂತ ಬಾಯಿಗೇ ತಾನೆ ಗೊತ್ತಾಗೋದು? ಇಂಜಿನ್ ಬಾಯಲ್ಲೇ ಇಡೋ."

"ನೀನು ಟೀ ಮಾಡಕ್ಕ!"

ಹಾಗೆ ಗದರಿದವನು ಹತ್ತೇ ನಿಮಿಷದಲ್ಲಿ ಎರಡನೆಯ ತೂತಿಗೂ ಬಿರಡೆ ಜಡಿದು, ಅವಳ ಮಾತಿನಂತೆಯೇ ಇಂಜಿನ್ನಿಗೆ ಗಾಳಿ ಹಂಚುವ ಲೋಹದ ಕವಲಿನಲ್ಲಿ ಮೂರನೆಯ ತೂತು ಕೊರೆದ. ಲೋಹ ಕಾದಂತೆಲ್ಲ ಸೆನ್ಸರೂ ಕಾಯಿತು. ಗಾಡಿ ಸುಮ್ಮನೆ ನಿಂತಿದ್ದರೂ ಮೀಟರು ಎಪ್ಪತ್ತು, ಎಂಬತ್ತು ಎಂದು ಏರುತ್ತಲೇ ಹೋಯಿತು. ಬೂನ್‌ಲರ್ಟ್ ಸ್ಪ್ಯಾನರ್ ಬಿಸಾಡಿದ. ಅದು ನೆಲಕ್ಕೆ ಬಡಿದು ಪುಟಿದು ಅವನ ಮೊಣಕಾಲಿಗೇ ಬಿತ್ತು.

"ಲೇ, ಟರ್ಬೊ ಕಾಯಿಸಿದ ಗಾಳೀನ ತಣಿಸೋ ಜಾಲರಿ ಮುಂದಿದೆಯಲ್ಲ, ಅದನ್ನ ದಾಟಿದ ಮೇಲೆ ಇಡ್ಬೇಕು ಕಣೋ," ಎಂದು ವಿಚಿಯೆನ್ ಮತ್ತೆ ಬಂದ. "ಜಾಲರಿಗೂ ಇಂಜಿನ್ನಿಗೂ ಮಧ್ಯದ ಪೈಪಲ್ಲಿ. ಅಲ್ಲಿ ಇರೋದೇ ಇಂಜಿನ್ ತಿನ್ನೋ ಗಾಳಿ. ಪುಸ್ತಕದಲ್ಲೂ ಹಾಗೇ ಇದೆ."

"ಬೆಳಿಗ್ಗೆಯೇ ಬೊಗಳೋಕೆ ಏನಾಗಿತ್ತು ನಿಂಗೆ?"

"ನೀನು ಕೇಳ್ಲಿಲ್ವಲ್ಲ. ಅಕ್ಕಾ, ಒಂದು ಚೀಲ ಕಟ್ಟಿಕೊಡು. ಟೀ ಬೇಡ, ಬರೀ ಐಸು."

ವಿಚಿಯೆನ್ ಹೇಳಿದಲ್ಲೇ ಕೊರೆದ ನಾಲ್ಕನೆಯ ತೂತಿನಲ್ಲಿ ಸೆನ್ಸರು ಸರಿಯಾಗಿ ಕೂತಿತು. ಗಾಡಿ ನಿಲ್ಲಿಸಿಕೊಂಡೇ ಇಂಜಿನ್ನು ಜೋರು ಮಾಡಿ ನೋಡುವಾಗ ಎರಡನೆಯ ತೂತಿನ ಬಿರಡೆ ಢಂ ಎಂದು ಹಾರಿ ಲಮ್‌ದುವಾನಳ ಹಾಲಿನ ಡಬ್ಬಕ್ಕೆ ಬಡಿಯಿತು. ಅವಳು ಬೈದ ಬೈಗುಳಕ್ಕೆ ಬೀದಿಯ ನಾಯಿಗಳೂ ಎದ್ದು ಹೋದವು. ಬಿರಡೆಯನ್ನು ವೆಲ್ಡ್ ಮಾಡಿ ಓಡಿಸಿ ನೋಡಿದಾಗ ನಲವತ್ತೈದು ಡಿಗ್ರಿ. ಗಾಡಿ ಬಾಣದಂತೆ ಹೋಯಿತು.

ಟ್ರ್ಯಾಕಿನಲ್ಲಿ ಮುಕ್ಕಾಲು ಗಂಟೆ ಬಿಸಿಲಲ್ಲಿ ಸಾಲು ನಿಲ್ಲಬೇಕಾಯಿತು. ಜಾಲರಿ ಕಾಯಿತು. ಸರಿಯಾದ ಜಾಗದಲ್ಲಿ ಕೂತಿದ್ದ ಸೆನ್ಸರು ಸತ್ಯವನ್ನೇ ಹೇಳಿತು: ಎಪ್ಪತ್ತೆರಡು. ದೀಪ ಹಸಿರಾಯಿತು. ವಿಚಿಯೆನ್ನನ ಪಿಕಪ್ಪು ಕಪ್ಪು ಹೊಗೆ ಕಾರಿ ಮಾಯವಾಯಿತು. ಬೂನ್‌ಲರ್ಟನದು ಎತ್ತಿನ ಗಾಡಿಯ ಗತ್ತಿನಲ್ಲಿ ಬಂದು ಸೇರಿತು.

ಅವನು ಇಳಿದವನೇ ನೇರ ವಿಚಿಯೆನ್ನನ ಗಾಡಿಗೆ ನುಗ್ಗಿ ಬಾನೆಟ್ ಎತ್ತಿದ. "ನೀನೂ ಅದೇ ಬಿಸಿಲಲ್ಲಿ ನಿಂತಿದ್ದೆ! ನಿನ್ನ ಸೆನ್ಸರ್ ಎಲ್ಲಿಟ್ಟಿದೀಯ, ತೋರ್ಸೋ!"

ಸೆನ್ಸರು ಯಾವ ಪೈಪಿನಲ್ಲೂ ಇರಲಿಲ್ಲ. ಉದ್ದ ತಂತಿಯ ತುದಿಯಲ್ಲಿ ಜೋತು, ರಬ್ಬರ್ ಬ್ಯಾಂಡ್ ಸುತ್ತಿದ ಲಮ್‌ದುವಾನಳ ಪ್ಲಾಸ್ಟಿಕ್ ಚೀಲದಲ್ಲಿ, ಐಸಿನ ನಡುವೆ ಆರಾಮಾಗಿ ಮಲಗಿತ್ತು.

"ಕಳ್ಳ ನನ್ಮಗನೇ! ಜಾಲರಿ ದಾಟಿದ ಮೇಲೆ ಅಂದ್ಯಲ್ಲೋ!"

"ಎಲ್ಲಿ ಇಡ್ಬೇಕು ಅಂತ ಹೇಳ್ದೆ. ನಾನು ಅಲ್ಲಿಟ್ಟಿದೀನಿ ಅಂದ್ನಾ? ದಿನಾ ಓಡೋ ಗಾಡಿಗೆ ಸತ್ಯ ಬೇಕು ಕಣೋ. ಕಾಲು ನಿಮಿಷದ ಓಟಕ್ಕೆ ಸುಳ್ಳು ಸಾಕು." ವಿಚಿಯೆನ್ ಚೀಲದಿಂದ ಒಂದು ಐಸು ತೆಗೆದು ಬಾಯಿಗೆ ಹಾಕಿಕೊಂಡ.

ಬೂನ್‌ಲರ್ಟ್ ತೀರ್ಪುಗಾರರ ಬಳಿ ಓಡಿದ. ಅವರು ನಿಯಮದ ಹಾಳೆ ತಿರುವಿಹಾಕಿ, ಐಸಿನ ಬಗ್ಗೆ ಇದರಲ್ಲಿ ಏನೂ ಇಲ್ಲ ಎಂದರು.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಬೀಗ ಬಿತ್ತು. ಬಾತುಕೋಳಿಗಳ ಗದ್ದಲದ ನಡುವೆ ಬೂನ್‌ಲರ್ಟ್ ಹಲ್ಲು ಕಚ್ಚಿ ನಿಂತಿದ್ದ. ಮಾವ ಸಂಗುವಾನ್ ಅವನನ್ನು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಬಳಿ ಕರೆದು, ಹೊಸ ಥರ್ಮಾಮೀಟರೊಂದನ್ನು ಕೈಗಿಟ್ಟ.

"ಬಾಗಿಲ ಹತ್ರ ಹಾಕಿದ್ರೆ ಒಂದು ಹೇಳುತ್ತೆ, ಬಲ್ಬಿನ ಪಕ್ಕ ಹಾಕಿದ್ರೆ ಇನ್ನೊಂದು ಹೇಳುತ್ತೆ. ಒಳಗೆ ಮುನ್ನೂರು ಮೊಟ್ಟೆ ಇದಾವೆ," ಎಂದ ಮಾವ. "ನೀನು ತಿಳಿದೋನು. ಎಲ್ಲಿ ತೂತು ಕೊರೀಲಿ, ಹೇಳಪ್ಪ."