ಮಾವನ ಸೀಟಿ, ನಮ್ಮ ಹಾಸು

ಒಳ್ಳೆಯ ಚಟಗಳನ್ನು ಕಂಡರೆ ನನಗೆ ಹೆದರಿಕೆ. ಕೆಟ್ಟ ಚಟದ ವಿಷಯದಲ್ಲಿ ಮನುಷ್ಯ ಎಚ್ಚರವಾಗಿರುತ್ತಾನೆ, ಮನೆಯವರೂ ಕಣ್ಣಿಟ್ಟಿರುತ್ತಾರೆ. ನನಗೆ ಅಂಥವು ಎರಡಿವೆ. ಎಲೆ ಅಡಿಕೆಯ ಜೊತೆಗೆ ತಂಬಾಕು ಒಂದು, ಊಟವಾದ ಮೇಲೆ ಮಗ್ಗದ ಪಕ್ಕದಲ್ಲೇ ಒಂದು ನಿದ್ದೆ ಇನ್ನೊಂದು. ಇಷ್ಟು ವರ್ಷಗಳಿಂದ ಇವೆರಡೂ ನನ್ನ ಸಂಗಡ ಸಭ್ಯವಾಗಿ ನಡೆದುಕೊಂಡಿವೆ. ಯಾರ ಮನೆಯನ್ನೂ ಮುರಿದಿಲ್ಲ, ಯಾರ ಮಾತನ್ನೂ ಕೆಡಿಸಿಲ್ಲ. ಆದರೆ ಜೀವಮಾನದಲ್ಲಿ ನಾನು ಕಲಿತ ಒಂದೇ ಒಂದು ಒಳ್ಳೆಯ ಚಟ, ಅದೂ ಮೂರೇ ವಾರದಲ್ಲಿ ಕಲಿತದ್ದು, ನನ್ನ ಹೆಂಡತಿಯ ಮಾನವನ್ನು ಇಳಕಲ್ಲಿನ ಒಂದು ಓಣಿಯ ಧೂಳಿನಲ್ಲಿ ಕೆಡವಿತು. ಆಮೇಲೆ ಅದರ ಮೇಲೆ ಒಂದು ಎಮ್ಮೆ ನಡೆಯಿತು.

ಚಟ ಕಲಿಸಿದವನು ನನ್ನ ಸೋದರಮಾವ ಸಂಗಪ್ಪ. ದೊಡ್ಡ ಯುದ್ಧ ಮುಗಿದ ಮರುವರ್ಷ ಅವನು ಪಲ್ಟನ್ನು ಬಿಟ್ಟು ನಮ್ಮ ಮನೆಗೆ ಬಂದ. ಬಾಗಲಕೋಟೆಯಲ್ಲಿ ರೈಲಿನಿಂದ ಇಳಿದು ಎತ್ತಿನ ಗಾಡಿಯಲ್ಲಿ ಬಂದನೆಂದು ನಾನು ಎಲ್ಲರಿಗೂ ಹೇಳುತ್ತೇನೆ. ನಡೆದೇ ಬಂದೆನೆಂದು ಅವನು ಹೇಳುತ್ತಿದ್ದ. ಅವನ ಬೂಟು ನೋಡಿದರೆ ಅವನ ಮಾತು ಖರೆ ಅನಿಸುತ್ತಿತ್ತು, ಅವನ ಟ್ರಂಕು ನೋಡಿದರೆ ನನ್ನದು. ಇರಲಿ. ಆಗ ನಮ್ಮ ಮನೆಯಲ್ಲಿ ಇದ್ದವರು ನಾನು, ನನ್ನ ಹೆಂಡತಿ ಗಂಗವ್ವ, ಮತ್ತು ಒಂದು ಕುಣಿಮಗ್ಗ. ಮೂವರಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರು. ಓಣಿಯವರು ಮಾವನನ್ನು ಬಂದ ದಿನವೇ ಹವಾಲ್ದಾರನೆಂದು ಕರೆದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಮೀಸೆ ತಿದ್ದಿಕೊಂಡ. ಅವನ ಕೊರಳಲ್ಲಿ ಲಿಂಗದ ಜೊತೆಗೆ ಇನ್ನೊಂದು ದಾರವಿತ್ತು, ಅದರ ತುದಿಗೆ ಒಂದು ಹಿತ್ತಾಳೆಯ ಸೀಟಿ.

ನಮ್ಮ ಮನೆಯನ್ನು ಒಂದು ಸಂಜೆ ಕೂತು ನೋಡಿದ ಮಾವ, ಇಲ್ಲಿ ಶಿಸ್ತಿಲ್ಲ ಎಂದು ತೀರ್ಮಾನಿಸಿದ. ಮರುದಿನ ಕೋಳಿಗಿಂತ ಮೊದಲು ಸೀಟಿ ಕೂಗಿತು. ಎದ್ದವರು ಕಂಬಳಿಯ ನಾಲ್ಕು ಮೂಲೆಗಳನ್ನು ಒಂದರ ಮೇಲೊಂದು ಕೂಡಿಸಿ ಮಡಚಬೇಕು. ನನ್ನ ಕಂಬಳಿಗೆ ಇದ್ದದ್ದು ಮೂರೇ ಮೂಲೆ, ನಾಲ್ಕನೆಯದನ್ನು ಇಲಿ ತಿಂದಿತ್ತು. ಇಲ್ಲದ ಮೂಲೆಯನ್ನು ಇದೆಯೆಂದು ತಿಳಿದು ಮಡಚುವುದೇ ಶಿಸ್ತು ಎಂದು ಮಾವ ಹೇಳಿದ. ನಿಂತುಕೊಂಡು ಒಂದು ತಂಬಿಗೆ ನೀರು ಕುಡಿಯಬೇಕು. ಆಮೇಲೆ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಇಬ್ಬರು ನಿಂತರೆ ಅದು ಸಾಲೋ ಅಲ್ಲವೋ ಎಂದು ನಾನು ತಕರಾರು ತೆಗೆದೆ. ಅದನ್ನು ಗೋಡೆಯಾಚೆಯಿಂದ ಕೇಳಿದ ಹುಸೇನಸಾಬ, ಸಾಲಿಗೆ ಮೂರನೆಯವನಾಗಿ ತಾನೇ ಬಂದು ನಿಂತ. ಅವನು ನಮ್ಮ ಪಕ್ಕದ ಮನೆಯವ, ರೇಷ್ಮೆಗೆ ಬಣ್ಣ ಹಾಕುವವ. ಅವನ ಕೈ ಬೆರಳಿನಿಂದ ಮೊಣಕೈವರೆಗೆ ಸದಾ ಕೆಂಪು. ಸಾಲಿನಲ್ಲಿ ನಿಂತರೆ ಯುದ್ಧದಲ್ಲಿ ಗಾಯಗೊಂಡವನ ಹಾಗೆ ಕಾಣುತ್ತಿದ್ದ, ಆದ್ದರಿಂದ ಮಾವನಿಗೆ ಅವನ ಮೇಲೆ ವಿಶೇಷ ಪ್ರೀತಿ. ಅವನ ಹೆಂಡತಿ ಫಾತಿಮಾಬಿ ಮಾತ್ರ ಗೋಡೆಯ ಮೇಲೆ ಗದ್ದವಿಟ್ಟು ನೋಡುತ್ತಿದ್ದಳು. ನೋಡಿ ನೋಡಿಯೇ ಅವಳು ನಮಗಿಂತ ಚೆನ್ನಾಗಿ ಕಲಿತಳೆಂಬುದು ನಮಗೆ ತಡವಾಗಿ ತಿಳಿಯಿತು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಸೀಟಿಯದು. ದಿನದಲ್ಲಿ ಯಾವ ಹೊತ್ತಿಗಾದರೂ ಒಂದು ಸಲ ಸೀಟಿ ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ನೆಟ್ಟಗೆ ನಿಲ್ಲಬೇಕು. ಕೈ ತೊಡೆಗೆ, ಕಣ್ಣು ಮುಂದಕ್ಕೆ. ಎರಡು ಸಲ ಊದಿದ ಮೇಲೆಯೇ ಬಿಡುಗಡೆ. ಇದರಿಂದ ಏನುಪಯೋಗವೆಂದು ನಾನು ಕೇಳಿದ್ದಕ್ಕೆ ಮಾವ ಹೇಳಿದ ಮಾತು ನನಗೆ ಇನ್ನೂ ನೆನಪಿದೆ, ಅಥವಾ ನೆನಪಿದೆ ಎಂದು ಇಷ್ಟು ಸಲ ಹೇಳಿದ್ದೇನೆಂದರೆ ಈಗ ಬೇರೆ ದಾರಿಯಿಲ್ಲ: "ಅಳಿಯಾ, ಹೆದರಿಕಿ ಬಂದಾಗ ಬುದ್ಧಿ ಕೆಲಸಾ ಮಾಡಂಗಿಲ್ಲ, ಚಟಾ ಮಾಡತೈತಿ. ದಿನಾ ಸಣ್ಣದನ್ನ ಮಾಡ್ಕೋತ ಹೋದ್ರ, ದೊಡ್ಡದು ಬಂದಾಗ ಕೈಕಾಲು ತಾವ ನಿಲ್ತಾವ."

ಮೊದಲ ವಾರ ನಮ್ಮ ಕೈಕಾಲುಗಳಿಗಿಂತ ಪಾತ್ರೆಗಳಿಗೆ ಹೆಚ್ಚು ಅಭ್ಯಾಸವಾಯಿತು. ನಾನು ತಂಬಿಗೆಯನ್ನು ನನ್ನ ಹೆಬ್ಬೆರಳ ಮೇಲೆಯೇ ಬಿಟ್ಟೆ, ಎರಡು ದಿನ ಅದೇ ಬೆರಳ ಮೇಲೆ. ಹುಸೇನಸಾಬ ರೇಷ್ಮೆಯ ಲಡಿಯನ್ನು ಬಣ್ಣದ ಹಂಡೆಯಲ್ಲಿ ಬಿಟ್ಟು ನಿಂತ. ಅದು ಬೇಕಾದ್ದಕ್ಕಿಂತ ಕಡುಗೆಂಪಾಯಿತು, ಕೊಳ್ಳುವವರು ಅದನ್ನೇ ಮೆಚ್ಚಿ ಇನ್ನೂ ಬೇಕೆಂದರು, ಆ ಬಣ್ಣ ಮತ್ತೆ ಬರಲಿಲ್ಲ. ಗಂಗವ್ವ ಮಾತ್ರ ರೊಟ್ಟಿ ಬಡಿಯುವಾಗ ಸೀಟಿ ಊದಬೇಡಿರೆಂದು ಮಾವನಿಗೆ ಖಡಾಖಂಡಿತವಾಗಿ ಹೇಳಿದಳು. ಹಸಿವು ಪಲ್ಟನ್ನಿನ ಮಾತು ಕೇಳುವುದಿಲ್ಲವೆಂಬುದು ಅವಳ ವಾದ. ಮೂರನೆಯ ವಾರಕ್ಕೆ ಎಲ್ಲ ಬದಲಾಯಿತು. ಸೀಟಿ ಕೇಳುವುದಕ್ಕೂ ಕೈ ಬಿಡುವುದಕ್ಕೂ ನಡುವೆ ಒಂದು ಉಸಿರಿನ ಅಂತರವೂ ಉಳಿಯಲಿಲ್ಲ. ಯೋಚಿಸುವ ತೊಂದರೆಯೇ ಇಲ್ಲ. ನನಗಂತೂ ಇಷ್ಟು ಸುಖ ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ.

ಇದೇ ವೇಳೆಗೆ ಬಾದಾಮಿಯಲ್ಲಿ ಗಂಗವ್ವನ ತಂಗಿಯ ಮದುವೆ ನಿಶ್ಚಯವಾಗಿತ್ತು. ನಿಶ್ಚಯದ ದಿನ ಬೀಗರ ಮುಂದೆ ಮದುವಣಗಿತ್ತಿಯ ಸೀರೆಯ ಮಾತು ಬಂತು. ಬಾಗಲಕೋಟೆಯ ಬಟ್ಟೆ ಅಂಗಡಿಯವರಿಗೆ ಕೊಟ್ಟಿದ್ದ ಹಿರಿಯಕ್ಕ ನೀಲವ್ವ, ತಮ್ಮ ಅಂಗಡಿಯಿಂದಲೇ ತರುತ್ತೇನೆಂದಳು. ತವರಿನಲ್ಲಿ ಎಂದೂ ಬಾಯಿ ತೆರೆಯದ ಗಂಗವ್ವ ಅಂದು ತೆರೆದಳು. "ನನ್ನ ತಂಗಿ ಉಡೂ ಸೀರಿ ನನ್ನ ಮಗ್ಗದಾಗಿಂದ ಬರತೈತಿ." ನೀಲವ್ವ ನಕ್ಕಳು. ಆ ಮಗ್ಗದ ಪಕ್ಕದಲ್ಲಿ ನೇಯುವವರಿಗಿಂತ ಮಲಗುವವರೇ ಹೆಚ್ಚು ಎಂಬ ಅರ್ಥದ ಏನೋ ಒಂದು ಮಾತು ಹೇಳಿದಳು. ಬೀಗರೂ ನಕ್ಕರು. ನಾನೂ ನಕ್ಕೆ, ಅದು ಯಾರನ್ನು ಕುರಿತ ಮಾತೆಂದು ತಿಳಿಯದೆ. ಸೀರೆ ಹೋಗದಿದ್ದರೆ ಆ ನಗು ತವರಿನಲ್ಲಿ ಅವಳು ಕಾಲಿಟ್ಟಾಗಲೆಲ್ಲ ಎದುರು ಬಂದು ನಿಲ್ಲುತ್ತಿತ್ತು. ಇದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಲ್ಲಿ ಸ್ವಲ್ಪ ನೇಕಾರಿಕೆ ಹೇಳಬೇಕು. ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಅವನ್ನು ಓಣಿಯ ಈ ತುದಿಯಿಂದ ಆ ತುದಿಗೆ ಚಾಚಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ, ಇನ್ನೇನು ಒಣಗಿತು ಎನ್ನುವಾಗ ಬಿಗಿ ತಪ್ಪದಂತೆ ಕೋಲಿಗೆ ಸುತ್ತಬೇಕು. ಆ ಹೊತ್ತಿನಲ್ಲಿ ನಾಲ್ಕು ಜನ ಹಿಡಿದು ನಿಲ್ಲಬೇಕು. ಒಬ್ಬರು ಕೈ ಬಿಟ್ಟರೂ ಎಳೆಗಳು ಒಂದಕ್ಕೊಂದು ತೊಡರಿಕೊಂಡು ಹರಿಯುತ್ತವೆ. ನೇಕಾರರ ಮಕ್ಕಳು ಮೊದಲು ಕೇಳುವ ಮಾತು 'ಹಾಲು ಕುಡಿ', ಎರಡನೆಯದು 'ಕೈ ಬಿಡಬ್ಯಾಡ'. ನನ್ನ ಅಜ್ಜ, ಮುತ್ತಜ್ಜ ಎಲ್ಲರೂ ಕೈ ಬಿಡದೆಯೇ ಸತ್ತವರು. ಮೂರು ವಾರದ ಹಿಂದಿನವರೆಗೆ ನಾನೂ ಅದೇ ವಂಶದವನಾಗಿದ್ದೆ.

ಮದುವೆಗೆ ಹದಿನಾಲ್ಕು ದಿನ ಇರುವಾಗ ಆ ಸೀರೆಯ ಹಾಸು ಹೊರಗೆ ತೆಗೆದೆವು. ಮಾವ ಆ ದಿನ ಪಲ್ಟನ್ನಿನ ಹಳೆಯ ಗೆಳೆಯನನ್ನು ನೋಡಲು ಹುನಗುಂದಕ್ಕೆ ಹೋಗುವವನಿದ್ದ. ಹೋಗುವ ಮೊದಲು ಸೀಟಿಯನ್ನು ನನ್ನ ಕೊರಳಿಗೆ ಹಾಕಿದ. ನಾನು ಓಣಿಯಲ್ಲಿ ಕಾರಣವಿಲ್ಲದೆ ಎರಡು ಸಲ ಹೋಗಿ ಬಂದೆ. ನನ್ನ ನೆನಪು ಈ ಜಾಗದಲ್ಲಿ ಒಂದು ಚೆಂದದ ಸೂರ್ಯೋದಯವನ್ನು ಸೇರಿಸುತ್ತದೆ, ಎಳೆಗಳ ಮೇಲೆಲ್ಲ ಹೊಂಬಿಸಿಲು. ಅಂದು ಮೋಡವಿತ್ತು, ಅದಕ್ಕೇ ಹಾಸು ಒಣಗುವುದು ತಡವಾಗಿ, ದನಗಳು ಮೇಯಲು ಹೊರಡುವ ಹೊತ್ತಾಗಿತ್ತು. ಗಂಗವ್ವ, ಹುಸೇನಸಾಬ, ಫಾತಿಮಾಬಿ ಮತ್ತು ನಾನು ಹಾಸು ಹಿಡಿದು ನಿಂತಿದ್ದೆವು. ಆಗ ಓಣಿಯ ತಿರುವಿನಲ್ಲಿ ಎಮ್ಮೆ ಕಾಣಿಸಿತು. ಎಮ್ಮೆ ನುಗ್ಗಿ ಬಂತು ಎಂದು ಬರೆದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತದೆ. ಅದು ನಡೆದುಕೊಂಡು ಬಂತು, ಯಾವ ಅವಸರವೂ ಇಲ್ಲದೆ. ಹೆದರಿಸಿ ಓಡಿಸೋಣವೆಂದು ನಾನು ಒಂದು ಕೈಯಿಂದ ಸೀಟಿ ತೆಗೆದು ಬಲವಾಗಿ ಊದಿದೆ. ಒಂದೇ ಸಲ.

ನಾಲ್ವರ ಎಂಟು ಕೈಗಳು ಒಟ್ಟಿಗೆ ತೊಡೆಗೆ ಬಿದ್ದ ಸದ್ದು ಒಂದೇ ಸದ್ದಾಗಿ ಕೇಳಿತು. ಮಾವ ಇದ್ದಿದ್ದರೆ ಕಣ್ಣೀರು ಹಾಕುತ್ತಿದ್ದ. ಹಾಸು ನೆಲಕ್ಕೆ ಬಿತ್ತು. ನಾವು ಗದ್ದ ಎತ್ತಿ, ಕಣ್ಣು ಮುಂದಿಟ್ಟು, ಕಂಬಗಳ ಹಾಗೆ ನಿಂತೆವು. ಎಮ್ಮೆಗೆ ಸೀಟಿಯ ತರಬೇತಿ ಇರಲಿಲ್ಲ. ಅದು ಹಾಸಿನ ಮೇಲೆಯೇ ನಡೆದು, ನಡುವೆ ನಿಂತು, ಗಂಜಿಯ ವಾಸನೆ ನೋಡಿ ನೆಕ್ಕತೊಡಗಿತು.

ಹುಸೇನಸಾಬ ತುಟಿ ಅಲುಗಿಸದೆ, "ಮಲ್ಲಪ್ಪಾ, ಎರಡ್ ಸಲ ಊದೋ," ಎಂದ.

"ಕೈ ಎತ್ತಾಕ ಹುಕುಂ ಇಲ್ಲೋ," ಎಂದೆ ನಾನು.

ಇದನ್ನು ನಾನು ತಮಾಷೆಗೆ ಹೇಳಲಿಲ್ಲ. ಬಿಡುಗಡೆಯ ಸೀಟಿ ನನ್ನ ಎದೆಯ ಮೇಲೆ ತೂಗುತ್ತಿತ್ತು, ಅದನ್ನು ಊದಬೇಕಾದವನು ನಾನೇ, ಮತ್ತು ನಾನು ನೆಟ್ಟಗೆ ನಿಂತಿದ್ದೆ. ಈ ತೊಡಕಿಗೆ ಪಲ್ಟನ್ನಿನಲ್ಲಿ ಏನು ವ್ಯವಸ್ಥೆಯಿದೆಯೋ ನನಗೆ ಇಂದಿಗೂ ಗೊತ್ತಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಅದೂ ಗೊತ್ತಿಲ್ಲ. ಎಮ್ಮೆ ಸಾವಕಾಶ ನೆಕ್ಕುವಷ್ಟು ಹೊತ್ತು. ಮೊದಲು ಅಲುಗಿದವಳು ಗಂಗವ್ವ. ಯಾವ ಸೀಟಿಗೂ ಕಾಯದೆ ಹೋಗಿ ಎಮ್ಮೆಯ ಬೆನ್ನಿಗೆ ಒಂದು ಹೊಡೆದಳು. ಅದು ಹೋಯಿತು, ಹೋಗುವಾಗ ಕಾಲಿಗೆ ಒಂದಿಷ್ಟು ಎಳೆಗಳನ್ನು ಸುತ್ತಿಕೊಂಡು ಹೋಯಿತು. ಹಾಸಿನ ಪಕ್ಕ ಕೂತು ಅವಳು ಅತ್ತಳೆಂದು ನಾನು ಹಿಂದೆ ಕೆಲವರಿಗೆ ಹೇಳಿದ್ದುಂಟು. ಅವಳು ಅಳಲಿಲ್ಲ. ಒಂದು ಎಳೆಯನ್ನು ಎತ್ತಿ ಧೂಳು ಊದಿ ನೋಡಿದಳು. ನನ್ನ ಕಡೆ ನೋಡಲಿಲ್ಲ.

"ಎತ್ರಿ," ಎಂದಳು. "ಒಂದ್ ಕಡಿಂದ ಎತ್ರಿ."

ಹಾಸನ್ನು ಹಳ್ಳಕ್ಕೆ ಒಯ್ದು ಗಂಜಿ, ಮಣ್ಣು ಹೋಗುವಂತೆ ತೊಳೆದೆವು. ಹರಿದ ಎಳೆಗಳು ಸಾವಿರವಿದ್ದವೆಂದು ಹುಸೇನಸಾಬ ಹೇಳಿದ, ನಾನು ಇನ್ನೂರೆಂದೆ. ಗಂಗವ್ವ ಎಣಿಸದೆ ಕೂಡಿಸಲು ಕೂತಳು. ಸಂಜೆ ಹುನಗುಂದದಿಂದ ಬಂದ ಮಾವನ ಮುಂದೆ ನಾನು ನೆಟ್ಟಗೆ ನಿಂತು ನಡೆದದ್ದನ್ನೆಲ್ಲ ವರದಿ ಮಾಡಿದೆ. ಚಟ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂಬುದನ್ನು ಸ್ವಲ್ಪ ಒತ್ತಿ ಹೇಳಿದೆ. ಅವನು ಕೇಳಿ ಮುಗಿಸಿ, ಬೂಟು ಬಿಚ್ಚಿ, ರುಮಾಲು ತೆಗೆದು, ಗಂಗವ್ವನ ಎದುರು ಕೂತ. ಬೆರಳಿಗೆ ಬೂದಿ ಹಚ್ಚಿಕೊಂಡು ಹರಿದ ಎರಡು ತುದಿಗಳನ್ನು ಹೊಸೆದ. ಆ ಕೈ ನೋಡಿದ ಮೇಲೆ ನನಗೆ ನೆನಪಾಯಿತು, ಪಲ್ಟನ್ನಿಗೆ ಹೋಗುವ ಮೊದಲು ಅವನೂ ನೇಕಾರರ ಮನೆಯ ಮಗನೇ ಆಗಿದ್ದ. ಸುಮಾರು ಹೊತ್ತಾದ ಮೇಲೆ ನಾನು, ಪಲ್ಟನ್ನಿನಲ್ಲಿ ನಿನ್ನ ಕೈಕೆಳಗೆ ಎಷ್ಟು ಜನರಿದ್ದರು ಎಂದು ಕೇಳಿದೆ.

"ಜನಾ ಎಲ್ಲೀದೋ," ಎಂದ. "ಎರಡು ಹೇಸರಗತ್ತಿ ಇದ್ದವು. ಅವನ್ನ ನೋಡ್ಕೋತಿದ್ದೆ."

ಗಂಗವ್ವ ಇನ್ನೊಂದು ಹರಿದ ಎಳೆಯನ್ನು ಎತ್ತಿ ಅವನ ಕಡೆ ಚಾಚಿದಳು.

"ಸಮುದ್ರದಾಚಿ ಬಸ್ರಾ ಊರಾಗ ಒಂದಿನಾ ಗುಂಡು ಬೀಳಾಕತ್ತಿದ್ವು. ಎಲ್ಲಾರೂ ಓಡಿದ್ರು. ನಾ ಹೇಸರಗತ್ತಿ ಮೈ ತಿಕ್ಕತಿದ್ದೆ. ಧೈರ್ಯಾ ಅಂತ ತಿಳೀಬ್ಯಾಡ, ಅಳಿಯಾ. ತಿಕ್ಕೂ ಹೊತ್ತಾಗಿತ್ತು, ಅದಕ್ಕ."

ಸೀಟಿ ಊದಲಿಲ್ಲವೇ ಎಂದು ನಾನು ಕೇಳಿದೆ.

"ಸೀಟಿ ಊದಾವ ಬ್ಯಾರೆ ಇದ್ದ. ಅಂವಾ ಎಲ್ಲಾರಕಿಂತ ಮೊದಲ ಓಡಿದಾ. ಸೀಟಿ ಅಲ್ಲೇ ಬಿದ್ದಿತ್ತು, ನಾ ತಗೊಂಡೆ."

ಮರುದಿನದಿಂದ ನಮ್ಮ ಮನೆಯಲ್ಲಿ ಸೀಟಿ ಕೇಳಲಿಲ್ಲ. ಆದರೂ ಕೋಳಿಗಿಂತ ಮೊದಲು ಎಲ್ಲರಿಗೂ ಎಚ್ಚರವಾಗುತ್ತಿತ್ತು. ಕಂಬಳಿ ಮಡಚುತ್ತಿದ್ದೆವು, ನೀರು ಕುಡಿಯುತ್ತಿದ್ದೆವು, ಆಮೇಲೆ ಸಾಲಾಗಿ ಕೂತು ಎಳೆ ಕೂಡಿಸುತ್ತಿದ್ದೆವು. ಆಚೆ ಮನೆಯವರಿಬ್ಬರೂ ಬರುತ್ತಿದ್ದರು. ಇಷ್ಟು ಎಳೆ ಎಂದು ಹೊತ್ತಿಗೆ ಸರಿಯಾಗಿ ಮುಗಿಸಿ ಏಳುವುದು. ಯಾರೂ ನನ್ನನ್ನು ಬೈಯಲಿಲ್ಲ, ಅದೊಂದೇ ಕಷ್ಟ. ಐದನೆಯ ದಿನ ಹಾಸು ಮತ್ತೆ ಓಣಿಗೆ ಬಂತು, ಮತ್ತೆ ಗಂಜಿ ಕುಡಿಯಿತು, ಸುತ್ತುವಾಗ ಯಾರೂ ಕೈ ಬಿಡಲಿಲ್ಲ. ಬೆಳಗಿನ ಪಾಳಿ ಮಾವ ನೇಯ್ದ, ಉಳಿದ ಹೊತ್ತೆಲ್ಲ ಗಂಗವ್ವ. ನಾನು ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತಿ ಕೊಟ್ಟೆ, ಮತ್ತು ಊಟವಾದ ಮೇಲೆ ಎಚ್ಚರವಾಗಿದ್ದೆ. ಒಂದು ಮಧ್ಯಾಹ್ನ ಗಂಗವ್ವ ಹಿತ್ತಲಿಗೆ ಹೋದಾಗ ಮಗ್ಗದ ಗುಂಡಿಗೆ ಇಳಿದು ಒಂದು ಗೇಣು ನಾನೂ ನೇಯ್ದೆ. ಅವಳು ಬಂದು ಅದನ್ನು ಬಿಚ್ಚಿ ಮತ್ತೆ ನೇಯ್ದಳು.

ಸೀರೆಯನ್ನು ಮಗ್ಗದಿಂದ ಕೊಯ್ದ ದಿನವೇ ಗಾಡಿ ಹೂಡಿ ಬಾದಾಮಿಗೆ ಹೊರಟೆವು. ಮದುವಣಗಿತ್ತಿ ಅದನ್ನು ಉಟ್ಟು ಹೊರಗೆ ಬಂದಾಗ ಮೊದಲು ಹತ್ತಿರ ಹೋದವಳು ನೀಲವ್ವ. ಅಂಗಡಿಯವರ ಹೆಂಡತಿ, ತಪ್ಪು ಎಲ್ಲಿರುತ್ತದೆಂದು ಗೊತ್ತಿದ್ದವಳು. ಸೆರಗು ತಿರುವಿದಳು, ಅಂಚು ಸವರಿದಳು, ಸೀರೆಯ ಒಡಲನ್ನು ಬೆಳಕಿಗೆ ಹಿಡಿದು ನೋಡಿದಳು. ಎಳೆ ಕೂಡಿಸಿದ ಜಾಗ ಅವಳ ಬೆರಳಿಗೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಸೆರಗನ್ನು ತಂಗಿಯ ಹೆಗಲಿಗೆ ತಾನೇ ಹೊದಿಸಿ, ಭಾಳ ಚಲೋ ಬಂದೈತಿ, ಯಾರು ನೇಯ್ದರು ಎಂದು ಬೀಗರ ಮುಂದೆಯೇ ಕೇಳಿದಳು.

ಗಂಗವ್ವ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ನಮ್ಮ ಮನಿಯವರು," ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಲ್ಲವೆನ್ನಲು ಬಾಯಿ ತೆರೆದೆ. ಗಂಗವ್ವ ನನ್ನನ್ನು ನೋಡಿದಳು, ನಾನು ಬಾಯಿ ಮುಚ್ಚಿದೆ. ಮೊದಲು ಬಂದು ಹೊಗಳಿದವರಿಗೆ ಸುಮ್ಮನೆ ಕೈಮುಗಿದೆ. ಎರಡನೆಯವರಿಗೆ, ಏನೋ ಕೈಲಾದಷ್ಟು ಮಾಡೀನ್ರಿ ಎಂದೆ. ಊಟದ ಪಂಕ್ತಿಯಲ್ಲಿ ಬಲಗಡೆ ಕೂತಿದ್ದ ಹಿರಿಯರಿಗೆ, ಸೆರಗಿನ ರೇಷ್ಮೆಯ ಎಳೆಯನ್ನು ಒಡಲಿನ ನೂಲಿನ ಎಳೆಗೆ ಕೂಡಿಸುವಾಗ ಉಸಿರು ಹೇಗೆ ಹಿಡಿಯಬೇಕೆಂದು ವಿವರಿಸಿದೆ. ಹೋಳಿಗೆ ಬಡಿಸುವ ಹೊತ್ತಿಗೆ ನನ್ನ ಬಲಗೈ ಮಣಿಕಟ್ಟು ನೋಯತೊಡಗಿತು, ತುಪ್ಪ ಹಾಕಿಸಿಕೊಳ್ಳಲು ಎಡಗೈಯಿಂದ ಅದನ್ನು ಒತ್ತಿ ಹಿಡಿಯಬೇಕಾಯಿತು. ಈಗಲೂ ಮೋಡ ಕವಿದ ದಿನ ಅದು ನೋಯುತ್ತದೆ. ಗಂಗವ್ವ ಎಣ್ಣೆ ಕಾಸಿ ತಿಕ್ಕುತ್ತಾಳೆ.