ಬಾಳೆನಾರು ಮತ್ತು ಜೋಡಿ ಬಾಬಾಗಾಡಿ

ಓದಿದವರಿಗೆ ಒಂದು ಕಾಯಿಲೆ ಇರುತ್ತದೆ. ಅಂಗಡಿಗೆ ಹೋಗಿ ಕಂಡದ್ದನ್ನು ಕೊಂಡು ಬರಲು ಅವರಿಂದ ಆಗುವುದಿಲ್ಲ. ನನ್ನ ಅಪ್ಪನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಆದರೆ ಎತ್ತು ಕೊಳ್ಳುವಾಗ ಹಲ್ಲು ನೋಡಿ, ಬೆನ್ನು ತಟ್ಟಿ, ಒಂದು ಎಲೆಯಡಿಕೆ ಬಾಯಿಗೆ ಹಾಕುವಷ್ಟರಲ್ಲಿ ತೀರ್ಮಾನ ಮುಗಿಸುತ್ತಿದ್ದರು. ನಾನು ಹಾಗಲ್ಲ. ಹಗಲು ಹೊಟೇಲಿನ ಗಲ್ಲಾದಲ್ಲಿ ಕುಳಿತು, ಸಂಜೆ ಕಾಲೇಜಿಗೆ ಓಡಿ, ಮೂರನೆಯ ಪ್ರಯತ್ನಕ್ಕೆ ಬಿ.ಎ. ದಾಟಿದವನು. ನಮ್ಮ ಕುಟುಂಬದಲ್ಲೇ ಮೊದಲಿಗ. ಆ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ, ಮುಂಬಯಿಯ ಜೋಗೇಶ್ವರಿಯ ಚಾಳಿನ ನಮ್ಮ ಒಂದೇ ಕೋಣೆಯ ಸೋರದ ಒಂದೇ ಗೋಡೆಗೆ ತೂಗುಹಾಕಿದ್ದೇನೆ. ಅದರ ಎದುರು ಕುಳಿತು, ಎಂಥ ಛತ್ರಿ ಕೊಳ್ಳಬೇಕೆಂದು ಯೋಚಿಸುತ್ತ ಒಂದು ಇಡೀ ಮಳೆಗಾಲ ಕಳೆದಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ವಾರಿಜಾ ಮಾತ್ರ ನಂಬುತ್ತಾಳೆ. ಏಕೆಂದರೆ ನೆನೆದವಳು ಅವಳು.

ಈ ಕಾಯಿಲೆ ಉಲ್ಬಣಿಸಿದ್ದು ಅವಳ ಎರಡನೆಯ ಬಸುರಿನ ಕಾಲದಲ್ಲಿ. ಆಗ ಅವಳಿಗೆ ಏಳು ತಿಂಗಳು, ಹೆರಿಗೆಗೆ ತವರಿಗೆ ಹೊರಡುವ ಸಿದ್ಧತೆಯಲ್ಲಿದ್ದಳು. ಒಂದೂವರೆ ವರ್ಷದ ಮಗ ಸುರೇಶ ಅವಳ ಸೊಂಟದ ಮೇಲೆ. ಬಜಾರಿನಿಂದ ಬರುತ್ತ, ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಅವಳು ಕುಳಿತೇಬಿಟ್ಟಳು. "ಇನ್ನೊಂದು ಬಂದ ಮೇಲೆ ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ. ಒಂದು ಸೊಂಟಕ್ಕೆ, ಒಂದು ಹೆಗಲಿಗೆ. ಬಟಾಟೆಯ ಚೀಲ ಎಂತ, ತಲೆಗಾ? ಇಬ್ಬರನ್ನೂ ಕೂರಿಸುವ ಬಾಬಾಗಾಡಿ ತಂದಿಟ್ಟು ಕಾಗದ ಹಾಕಿ. ಬರ್ತೇನೆ." ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಗೆ ಮುಂಬಯಿಯಲ್ಲಿ ಹಾಗೆನ್ನುತ್ತಾರೆ. ಇದನ್ನು ಹೇಳುವಾಗ ಅವಳು ನಗುತ್ತಿದ್ದಳು. ನಾನು ಆ ನಗುವನ್ನು ಗಮನಿಸಬೇಕಿತ್ತು. ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಕೊಟ್ಟವರ ಮುಖ ನೋಡುವ ಅಭ್ಯಾಸ ನನಗಿಲ್ಲ.

ಅವಳು ಮಗನೊಂದಿಗೆ ಉಡುಪಿ ಕಡೆಯ ತವರಿಗೆ ಹೋದಳು. ಮಗಳು ಹುಟ್ಟಿದಳೆಂದು ಕಾರ್ಡು ಬಂತು. ನನ್ನದು ಆಗಷ್ಟೇ ಸಿಕ್ಕಿದ ಆಫೀಸಿನ ನೌಕರಿ. ಕಾಯಂ ಆಗುವವರೆಗೆ ರಜೆಯ ಮಾತೆತ್ತುವಂತಿರಲಿಲ್ಲ. ಹೋಗಿ ನೋಡಲಾಗದವನು ಏನು ಮಾಡಬೇಕು? ನಾನೊಂದು ನೋಟುಬುಕ್ಕು ತಂದು ಬಾಬಾಗಾಡಿಯ ಅಧ್ಯಯನ ಆರಂಭಿಸಿದೆ. ಮಕ್ಕಳು ಅಕ್ಕಪಕ್ಕ ಕೂರುವ ಗಾಡಿ ನಮ್ಮ ಚಾಳಿನ ಬಾಗಿಲಲ್ಲಿ ಹಿಡಿಸದು. ಒಬ್ಬರ ಹಿಂದೆ ಒಬ್ಬರು ಕೂರುವುದಾದರೆ ಹಿಂದಿನ ಮಗು ಬಾಲ್ಯವಿಡೀ ಮುಂದಿನದರ ತಲೆಯನ್ನೇ ನೋಡಬೇಕು. ಎದುರುಬದುರು ಕೂರಿಸಿದರೆ ಕೂದಲು ಜಗ್ಗಾಟ. ಹೀಗೆ ಬರೆಯುತ್ತಿದ್ದಷ್ಟು ಹೊತ್ತು ಕೋಣೆಯಲ್ಲಿ ಯಾರೋ ಇದ್ದಂತೆ ಅನ್ನಿಸುತ್ತಿತ್ತು. ಪುಸ್ತಕ ಮುಚ್ಚಿದರೆ ನಾನು ಮತ್ತು ಗೋಡೆಯ ಮೇಲಿನ ಬಿ.ಎ.

ಆಸನದ ಅಳತೆ ನಿರ್ಧರಿಸಲು ಮಕ್ಕಳ ಉದ್ದ ಕಳಿಸೆಂದು ಬರೆದೆ. ಅತ್ತೆಯವರ ಪ್ರಕಾರ ಕೂಸನ್ನು ಅಳೆದರೆ ಬೆಳವಣಿಗೆ ನಿಂತುಬಿಡುತ್ತದೆ. ಆದ್ದರಿಂದ ವಾರಿಜಾ ತಾಯಿ ಸ್ನಾನಕ್ಕೆ ಹೋದ ಸಮಯ ನೋಡಿ, ಮಲ್ಲಿಗೆ ಕಟ್ಟುವ ಬಾಳೆನಾರಿನಲ್ಲೇ ಇಬ್ಬರನ್ನೂ ಅಳೆದು, ಗಂಟು ಹಾಕಿ, ಲಕೋಟೆಯಲ್ಲಿಟ್ಟು ಕಳಿಸಿದಳು. ಹೀಗೆ, ನನ್ನ ಮಗಳನ್ನು ನಾನು ಮೊದಲು ನೋಡಿದ್ದು ಒಂದು ನಾರಾಗಿ. ಅದಕ್ಕೆ ಇನ್ನೂ ಸ್ವಲ್ಪ ಮಲ್ಲಿಗೆಯ ವಾಸನೆ ಇತ್ತು. ಹಾಸಿಗೆಯ ಮೇಲೆ, ಅವಳು ಮಲಗಬೇಕಾದ ಜಾಗದಲ್ಲಿ ಅದನ್ನು ಬಿಡಿಸಿಟ್ಟು ನೋಡಿದೆ. ಮಗು ಬರೀ ಒಂದು ಗೇಣು ಚಿಲ್ಲರೆ! ಸುರೇಶ ಹೋದಾಗ ಇದ್ದದ್ದಕ್ಕಿಂತ ಗಿಡ್ಡನಾಗಿದ್ದ! ಗಾಬರಿಯಿಂದ ಬರೆದ ಕಾಗದಕ್ಕೆ ಉತ್ತರ ಬಂತು: "ಮಕ್ಕಳು ಸರಿಯಾಗಿಯೇ ಇವೆ. ದಾರಿಯಲ್ಲಿ ನಾರು ಒಣಗಿ ಮುರುಟಿದೆ. ಬಿ.ಎ. ಆದವರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?" ಜೊತೆಗೆ ಈ ಸಲ ಹೊಲಿಗೆಯ ದಾರ: ಮಗನಿಗೆ ನೀಲಿ, ಮಗಳಿಗೆ ಕೆಂಪು. ಆಮೇಲೆ ತಿಂಗಳಿಗೊಮ್ಮೆ ದಾರ ಬರುತ್ತಿತ್ತು. ಹಳೆಯದರ ಪಕ್ಕ ಹೊಸದನ್ನಿಟ್ಟು ಹೋಲಿಸುತ್ತಿದ್ದೆ. ಬೇರೆ ತಂದೆಯರು ಮಕ್ಕಳು ಬೆಳೆದದ್ದನ್ನು ಎತ್ತಿಕೊಂಡು ತಿಳಿಯುತ್ತಾರೆ. ನಾನು ಬೆರಳಿಗೆ ಸುತ್ತಿಕೊಂಡು ತಿಳಿದೆ.

ಸ್ಟೇಷನ್ನಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ವಿಜಾಪುರದ ದಸ್ತಗೀರನ ಬಳಿ ಚಕ್ರಗಳ ವಿಷಯ ಕೇಳಲು ಆಗಾಗ ಹೋಗುತ್ತಿದ್ದೆ. ಐದನೆಯ ತಿಂಗಳಲ್ಲಿ ಅವನ ತಾಳ್ಮೆ ಕಡಿಯಿತು. "ಅಲ್ರಿ ಸಾಹೇಬ್ರ, ಎರಡು ಕೂಸಿಗೆ ಗಾಡಿ ಆರಸಾಕ ಇಷ್ಟ ದಿನ ಬೇಕೇನ್ರಿ? ನನ್ನ ನಿಕಾಹ್ ಒಂದ ಮಧ್ಯಾಹ್ನದಾಗ ಮುಗೀತು!" ಎಂದ. "ನೀವು ಆರಸೂದ್ರಾಗ ಆ ಹುಡುಗ ಸೈಕಲ್ ಕೇಳ್ತಾನ, ನೋಡ್ರಿ. ಆವಾಗ ನನ್ನ ಕಡೆ ಬರ್ರಿ."

ಕೊನೆಗೆ ಬಾಂದ್ರಾದಲ್ಲಿ ಒಬ್ಬ ಗೋವಾದ ಮುದುಕಿಯ ಮನೆಯಲ್ಲಿ ಹಳೆಯ ಜೋಡಿ ಗಾಡಿಯೊಂದು ಸಿಕ್ಕಿತು. ಅವಳ ಅವಳಿ ಮಕ್ಕಳು ಕೂತದ್ದು. ಹಿಂದೆ ಮುಂದೆ ಕೂರುವ ಬಗೆಯದು, ಆದರೆ ಹಿಂದಿನ ಆಸನ ನಾಲ್ಕು ಬೆರಳು ಎತ್ತರ. ಎರಡು ಸಲ ಬರೀ ನೋಡಿ ಬಂದೆ. ಮೂರನೆಯ ಸಲ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಬಚ್ಚಾ ಲೋಗ್ ಕಿಧರ್ ಹೈ, ಮ್ಯಾನ್? ಬಿಠಾಕೆ ದೇಖೋ ನಾ!" ಮಕ್ಕಳನ್ನು ಕೂರಿಸಿ ನೋಡು ಎಂದರೆ ಎಲ್ಲಿಂದ ತರಲಿ? ನಾನು ಜೇಬಿನಿಂದ ದಾರಗಳನ್ನು ತೆಗೆದು ಒಂದೊಂದನ್ನು ಒಂದೊಂದು ಆಸನದ ಮೇಲಿಟ್ಟೆ. ಅವಳು ಮೊದಲು ನಕ್ಕಳು. ಆಮೇಲೆ ಕೆಂಪು ದಾರ ತೋರಿಸಿ, "ಇಸ್ಕೋ ದೇಖಾ?" ಎಂದಳು, ಇವಳನ್ನು ನೋಡಿದ್ದೀಯಾ ಎಂದು. "ಅಭೀ ತಕ್ ನಹೀಂ", ಇನ್ನೂ ಇಲ್ಲ, ಎಂದೆ. ಅವಳು ಆ ದಾರವನ್ನು ಮೆಲ್ಲಗೆ ಎತ್ತಿ, ಮಡಚಿ, ಎರಡೂ ಕೈಯಿಂದ ನನ್ನ ಅಂಗೈಯಲ್ಲಿಟ್ಟು, ಜೋಪಾನವೆನ್ನುವಂತೆ "ಸಂಭಾಲ್‌ಕೇ" ಎಂದಳು.

ಗಾಡಿಯನ್ನು ಲೋಕಲ್‌ನ ಲಗೇಜು ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ ತಂದೆ. ಜೋಗೇಶ್ವರಿಯಲ್ಲಿ ಇಳಿದು ಖಾಲಿ ಗಾಡಿ ತಳ್ಳಿಕೊಂಡು ಹೊರಟರೆ ಜನ ದಾರಿ ಬಿಟ್ಟುಕೊಟ್ಟರು. ಆ ಊರಿನಲ್ಲಿ ನನಗೆ ಯಾರಾದರೂ ದಾರಿ ಬಿಟ್ಟದ್ದು ಅದೇ ಮೊದಲು. ಆಮೇಲೆ ಒಳಗೆ ಇಣುಕಿ, ಏನೂ ಕಾಣದೆ ನನ್ನ ಮುಖ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ತಡೆಯಲಾಗದೆ ಎರಡು ಎಲೆಕೋಸು ಕೊಂಡು ಆಸನಗಳಲ್ಲಿ ಕೂರಿಸಿದೆ. ಮನೆಗೆ ಬಂದು, "ಗಾಡಿ ಬಂದಿದೆ" ಎಂದು ಕಾಗದ ಹಾಕಿದೆ.

ಅವರು ಬಂದರು. ಬಸ್ಸಿನಿಂದಿಳಿದ ಸುರೇಶ ತಾಯಿಯ ಸೀರೆಯ ಹಿಂದೆ ಅಡಗಿ, "ಅಮ್ಮಾ, ಈ ಮಾಮ ಯಾರು?" ಎಂದ. ಮಗಳು ನನ್ನ ತೋಳಿನಲ್ಲಿ ಕೆಂಪು ದಾರಕ್ಕಿಂತ ಬಹಳ ಭಾರವಾಗಿದ್ದಳು. ದಸ್ತಗೀರನ ಅಂಗಡಿಯ ಮುಂದೆ ಎಣ್ಣೆ ಹಾಕಿಸಿ ನಿಲ್ಲಿಸಿದ್ದ ಗಾಡಿಯಲ್ಲಿ ಅವಳನ್ನು ಕೂರಿಸಿದೆ. ಸುರೇಶನನ್ನು ಎತ್ತಿ ಕೂರಿಸಹೋದರೆ ಅವನು ಕಾಲು ನೆಟ್ಟಗೆ ಚಾಚಿ, "ಬೇಡ, ನಾನೇ ದೂಡ್ತೇನೆ" ಎಂದು ಕಿರುಚಿದ. ಅಂದಿನಿಂದ ಇಂದಿನವರೆಗೂ ಆ ಎರಡನೆಯ ಆಸನದಲ್ಲಿ ಬಟಾಟೆಯೇ ಕೂತಿದೆ. ಅದನ್ನು ನೋಡುತ್ತಿದ್ದ ದಸ್ತಗೀರ ಗೋಡೆಗೆ ಒರಗಿಸಿದ್ದ ಒಂದು ಪುಟ್ಟ ಸೈಕಲನ್ನು ಬಟ್ಟೆಯಿಂದ ಒರೆಸತೊಡಗಿದ.

ಮಕ್ಕಳು ಮಲಗಿದ ಮೇಲೆ ವಾರಿಜಾ ನನ್ನ ನೋಟುಬುಕ್ಕು ತಿರುವುತ್ತ ಕೇಳಿದಳು: "ಅಷ್ಟೆಲ್ಲ ಕಾಗದ ಬರೆದ್ರಿ. ಚಕ್ರ, ಹಿಡಿ, ಕೊಡೆಯ ಬಟ್ಟೆ. ಒಂದರಲ್ಲಾದ್ರೂ ಬಾ ಅಂತ ಬರೆದದ್ದುಂಟಾ?"

"ಗಾಡಿ ತಂದಿಟ್ಟು ಬರೆಯಿರಿ ಅಂದವಳು ನೀನೇ."

"ಅದು ನಗಾಡ್ಲಿಕ್ಕೆ ಹೇಳಿದ್ದು ಮಾರಾಯ್ರೆ! ಅಳಿಯ ಕರೀದೆ ಮಗಳನ್ನು ಕಳಿಸುದು ಹೇಗೆ ಅಂತ ಅಮ್ಮ. ಮೂರನೇ ತಿಂಗಳಿಗೇ ನಾನು ಟ್ರಂಕು ತುಂಬಿ ಇಟ್ಟಿದ್ದೆ."

ಮರುವರ್ಷ ಅವಳು ತಮ್ಮನ ಮದುವೆಗೆ ಊರಿಗೆ ಹೋದಳು. ಈ ಸಲ ಪಾಠ ಕಲಿತಿದ್ದೆ. ಇನ್‌ಲ್ಯಾಂಡ್ ಪತ್ರ ಬಿಡಿಸಿ, ಆ ಒಂದೇ ಶಬ್ದ ಬರೆಯಲು ಕುಳಿತೆ. ಮೂರು ಪುಟ ತುಂಬ ಚಕ್ರದ ಕಿರ್ರೆನ್ನುವ ಸದ್ದಿನ ವಿಷಯವೇ ಆಯಿತು. ಉಳಿದ ಜಾಗವೆಂದರೆ ಅಂಟು ಹಚ್ಚುವ ಮಡಿಕೆಯ ಅಂಚು. ಅಲ್ಲಿ ಸಣ್ಣಗೆ "ಬಾ" ಎಂದು ಬರೆದು, ಯಾರೂ ನೋಡದಂತೆ ನೆಕ್ಕಿ ಅಂಟಿಸಿದೆ. ಒಡೆಯುವಾಗ ಅದು ಹರಿದು ಹೋಯಿತೋ, ಅವಳು ಓದಿದಳೋ ತಿಳಿಯದು. ಹೇಳಿದ್ದಕ್ಕಿಂತ ನಾಲ್ಕು ದಿನ ಮುಂಚೆ ಬಂದಳು. ಏಕೆಂದು ಕೇಳಬಹುದಿತ್ತು. ಹೇಗೆ ಕೇಳಬೇಕೆಂದು ಯೋಚಿಸುತ್ತಿದ್ದೇನೆ.